ಯಳಂದೂರಿನ ವಿಶಾಲಾಕ್ಷ ಪಂಡಿತ: ಒಬ್ಬ ಜೈನ ಪ್ರಧಾನಿಯ ಉದಯ ಮತ್ತು ಅಂತ್ಯ

ಚಿಕ್ಕದೇವರಾಜ ಒಡೆಯನು 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಅವಧಿಯ ಮೊದಲ ಭಾಗದಲ್ಲಿ ರಾಜ್ಯದ ಪ್ರಧಾನಿಯಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಅರಸನ ಬಾಲ್ಯಕಾಲದ ಗೆಳೆಯನಾಗಿದ್ದು, ಅವನ ಕಷ್ಟದ ದಿನಗಳಲ್ಲಿ ಜೊತೆಗಿದ್ದು, ಪಟ್ಟವಾದ ಮೇಲೆ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡು, ಕೊನೆಗೆ 1686ರ ಸುಮಾರಿಗೆ ಹಂತಕರ ಕೈಯಲ್ಲಿ ಪ್ರಾಣ ಕಳೆದುಕೊಂಡ ಈ ಪಂಡಿತನ ಹೆಸರು ಮೈಸೂರಿನ ಚರಿತ್ರೆಯ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಬಂದು ಹೋಗುತ್ತದೆ. ಅವನ ನಂತರ ಪ್ರಧಾನಿಯಾದ ತಿರುಮಲಾರ್ಯನು ಕವಿಯೂ ಆಗಿದ್ದುದರಿಂದ ಸಾಹಿತ್ಯ ಚರಿತ್ರೆಯಲ್ಲಿ ಅಚ್ಚಳಿಯದೆ ಉಳಿದನು; ವಿಶಾಲಾಕ್ಷ ಪಂಡಿತನಿಗಾದರೋ ಆ ಭಾಗ್ಯವೂ ಒದಗಲಿಲ್ಲ. ಆದರೂ ಧರ್ಮಶಾಸ್ತ್ರವನ್ನು ಬಲ್ಲ ಒಬ್ಬ ವ್ಯಕ್ತಿ ರಾಜ್ಯದ ಬೊಕ್ಕಸದ ಹೊಣೆಯನ್ನು ಹೊತ್ತಾಗ ಏನಾಗುತ್ತದೆ, ಅರಸನು ವಿಧಿಸಿದ ತೆರಿಗೆಯ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಕನ್ನಡ ನಾಡಿನಲ್ಲಿ ಅವನ ಜೀವನಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ವಿದ್ವಾಂಸರು ಮಂತ್ರಿಗಳಾಗುವುದು ಈ ನೆಲದ ವಿಶೇಷವೇನೂ ಅಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಅರಸನ ಮುಖ್ಯ ಅಧಿಕಾರಿಗಳು ಬಹುಮಟ್ಟಿಗೆ ಬಿಷಪ್ಪರೇ ಆಗಿದ್ದರು. ಬಿಷಪ್ ಎಂದರೆ ಕ್ರೈಸ್ತ ಧರ್ಮಸಂಸ್ಥೆಯಲ್ಲಿ ಒಂದು ಪ್ರಾಂತದ ಎಲ್ಲ ದೇವಾಲಯಗಳ ಮತ್ತು ಪಾದ್ರಿಗಳ ಮೇಲ್ವಿಚಾರಣೆ ನಡೆಸುವ ಹಿರಿಯ ಗುರು. ಅಂಥ 17 ಪ್ರಾಂತಗಳು ಆಗಿನ ಇಂಗ್ಲೆಂಡಿನಲ್ಲಿದ್ದವು. ಓದುಬರಹ ಬಲ್ಲವರು ಹೆಚ್ಚಾಗಿ ಪಾದ್ರಿಗಳೇ ಆಗಿದ್ದ ಕಾಲದಲ್ಲಿ ಲೆಕ್ಕಪತ್ರ, ರಾಜಾಜ್ಞೆ, ಪರದೇಶಗಳೊಡನೆ ಪತ್ರವ್ಯವಹಾರ ಇವೆಲ್ಲ ಅವರ ಕೈಗೆ ಬಂದದ್ದು ಸಹಜ. ಅದರ ಜೊತೆಗೆ ಅರಸನಿಗೆ ಇನ್ನೊಂದು ಅನುಕೂಲವೂ ಇತ್ತು, ಏನೆಂದರೆ ಬಿಷಪ್ಪನಾದವನಿಗೆ ಧರ್ಮಸಂಸ್ಥೆಯ ಭೂಮಿಯ ಆದಾಯವೇ ಸಂಬಳವಾಗುತ್ತಿದ್ದು, ಮದುವೆಗೆ ಅವಕಾಶವಿಲ್ಲದ ಅವನ ಅಧಿಕಾರ ಮಗನಿಗೆ ಇಳಿಯುವ ಭಯವಿರಲಿಲ್ಲ. ವಿಂಚೆಸ್ಟರಿನ ಬಿಷಪ್ಪನಾಗಿದ್ದ ವಿಲಿಯಂ ಆಫ್ ವೈಕೆಮ್ ಎರಡು ಬಾರಿ ಚಾನ್ಸಲರ್, ಅಂದರೆ ರಾಜಮುದ್ರೆಯನ್ನು ಕಾಯುವ ಮುಖ್ಯಮಂತ್ರಿ, ಆಗಿದ್ದು, ಆಕ್ಸ್‌ಫರ್ಡಿನಲ್ಲಿ 1379ರಲ್ಲಿ ಒಂದು ವಿದ್ಯಾಲಯವನ್ನೂ ವಿಂಚೆಸ್ಟರಿನಲ್ಲಿ 1382ರಲ್ಲಿ ಒಂದು ಶಾಲೆಯನ್ನೂ ಸ್ಥಾಪಿಸಿ, 1404ರಲ್ಲಿ ವಯೋವೃದ್ಧನಾಗಿ ತೀರಿಕೊಂಡನು. ಎಲ್ಲರ ಪಾಲಿಗೂ ಇಂಥ ನೆಮ್ಮದಿಯ ಸಾವು ಬರಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಜೈನ ಸಮಾಜದಲ್ಲಿ ಬಿಷಪ್ಪನಿಗೆ ಸಮೀಪವಾಗಿ ನಿಲ್ಲುವ ಪದವಿ ಭಟ್ಟಾರಕನದು. ಮಠದ ಪೀಠವನ್ನೇರಿ, ಅದರ ಭೂಮಿಕಾಣಿ, ಗ್ರಂಥಭಂಡಾರ ಮತ್ತು ಬಸದಿಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಧರ್ಮಗುರುವಿಗೆ ಭಟ್ಟಾರಕನೆಂದು ಹೆಸರು. ಶ್ರವಣಬೆಳಗೊಳದ ಪೀಠಕ್ಕೆ ಬರುವವರೆಲ್ಲರೂ ಚಾರುಕೀರ್ತಿ ಎಂಬ ಒಂದೇ ಹೆಸರನ್ನು ಧರಿಸುವ ವಾಡಿಕೆ ಇಂದಿಗೂ ನಡೆದಿದೆ. ವಿಶಾಲಾಕ್ಷನು ಅಂಥ ಪೀಠಾಧಿಪತಿಯಾಗಿರಲಿಲ್ಲ. ಅವನು ಬೊಮ್ಮರಸ ಪಂಡಿತನೆಂಬ ಯಳಂದೂರಿನ ಜೈನ ವಿದ್ವಾಂಸನ ಮಗ. ಶಾಸ್ತ್ರ, ಕಾವ್ಯ, ಜ್ಯೋತಿಷಗಳನ್ನು ಮನೆತನದ ವಿದ್ಯೆಯಾಗಿ ಉಳಿಸಿಕೊಂಡು ಬರುತ್ತಿದ್ದ, ಆ ಕಾರಣದಿಂದ ಅರಸುಮನೆಗಳಿಗೆ ಬೇಕಾದವರಾಗಿದ್ದ ಪಂಡಿತ ವರ್ಗಕ್ಕೆ ಸೇರಿದವನು. ಪೀಠದ ಬಲವಾಗಲಿ ಮಠದ ಆಸ್ತಿಯಾಗಲಿ ಅವನ ಬೆನ್ನಿಗಿರಲಿಲ್ಲ. ಇಂಗ್ಲೆಂಡಿನ ಬಿಷಪ್ಪನಿಗೆ ರಾಜನು ಮುನಿದರೂ ಹಿಂತಿರುಗಿ ಹೋಗಲು ತನ್ನ ಪ್ರಾಂತವೊಂದಿತ್ತು, ಯಳಂದೂರಿನ ಪಂಡಿತನಿಗೆ ಅರಸನ ಸ್ನೇಹವೊಂದೇ ಆಸರೆ.

ಆ ಸ್ನೇಹ ಬೆಳೆದ ಊರಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಸುವರ್ಣಾವತಿ ಹೊಳೆಯ ದಡದಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೆರಗಿನಲ್ಲಿರುವ ಯಳಂದೂರು ಹದಿನಾಡು ಎಂಬ ಸೀಮೆಯ ಪಾಳೆಯಗಾರರ ರಾಜಧಾನಿಯಾಗಿತ್ತು. ಆ ಮನೆತನದ ಸಿಂಗೆದೇಪನು 1500ರ ಸುಮಾರಿಗೆ ಕಟ್ಟಿಸಿದ ಗೌರೀಶ್ವರ ದೇವಾಲಯ ಇಂದಿಗೂ ಊರಿನ ನಡುವೆ ನಿಂತಿದೆ. ಅದರ ಮುಂದಿನ ಮಹಾದ್ವಾರವನ್ನು ಅದೇ ವಂಶದ ಮುದ್ದುರಾಜನು 1654ರ ಸುಮಾರಿಗೆ ಕಟ್ಟಿಸಿದನು. ಒಂದೇ ಕಲ್ಲಿನಲ್ಲಿ ಕೊರೆದ ಬಳೆಗಳ ಸರಪಳಿಯಿಂದಾಗಿ ಆ ದ್ವಾರವನ್ನು ಜನ ಬಳೇಮಂಟಪವೆಂದು ಕರೆಯುತ್ತಾರೆ. 17ನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಈ ಸೀಮೆ ಮೈಸೂರಿನ ಅಧೀನಕ್ಕೆ ಬಂದಿದ್ದರೂ ಸ್ಥಳೀಯ ಅರಸುಮನೆ ಅಳಿಯಲಿಲ್ಲ. ಮೈಸೂರಿನವರು ಅದನ್ನು ಹೆಣ್ಣುಕೊಟ್ಟು ಹೆಣ್ಣು ತರುವ ನಂಟಸ್ತನದಿಂದ ಹತ್ತಿರ ಇಟ್ಟುಕೊಂಡರು. ಚಿಕ್ಕದೇವರಾಜನ ಪಟ್ಟದ ರಾಣಿ ದೇವಾಜಮ್ಮಣ್ಣಿ ಯಳಂದೂರಿನ ಲಿಂಗರಾಜಯ್ಯನ ಮಗಳು. ಅರಸನೂ ಎಳೆಯ ವಯಸ್ಸಿನ ಕೆಲವು ಕಾಲವನ್ನು ಯಳಂದೂರಿನಲ್ಲಿ ಕಳೆದನೆಂದೂ, ಪಂಡಿತನ ಗೆಳೆತನ ಬೆಳೆದದ್ದು ಅಲ್ಲಿಯೇ ಎಂದೂ ಮೈಸೂರು ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್ ಬರೆಯುತ್ತಾನೆ.

ಅದೇ ಕಾಲದಲ್ಲಿ, ಅದೇ ಪುಟ್ಟ ಊರಿನ ಸುತ್ತ, ಕನ್ನಡ ಸಾಹಿತ್ಯದ ಎರಡು ದೊಡ್ಡ ಹೆಸರುಗಳು ಬೆಳಗಿದವು. ಒಬ್ಬರು ಮಳವಳ್ಳಿ ಸೀಮೆಯ ಧನಗೂರಿನಲ್ಲಿ ಹುಟ್ಟಿ, ಯಳಂದೂರಿನ ವೀರಶೈವ ಮಠಕ್ಕೆ ಗುರುವಾಗಿ, ಅಲ್ಲಿಯೇ ಸಮಾಧಿ ಹೊಂದಿದ ಷಡಕ್ಷರದೇವ. ಅವನ ರಾಜಶೇಖರ ವಿಳಾಸ, ವೃಷಭೇಂದ್ರ ವಿಜಯ, ಶಬರಶಂಕರ ವಿಳಾಸ ಎಂಬ ಮೂರು ಚಂಪೂ ಕಾವ್ಯಗಳು, ಅಂದರೆ ಗದ್ಯ ಪದ್ಯಗಳು ಬೆರೆತ ಕೃತಿಗಳು, ಹಳಗನ್ನಡದ ಚಂಪೂ ಪರಂಪರೆಯ ಕೊನೆಯ ಮಹಾಕೃತಿಗಳೆಂದು ಹೆಸರಾಗಿವೆ. ಇನ್ನೊಬ್ಬಳು ಯಳಂದೂರಿನವಳಾಗಿದ್ದು ಅರಮನೆಯಲ್ಲಿ ಎಲೆಯಡಿಕೆಯ ಚೀಲ ಹಿಡಿಯುವ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮ; ದೇವಾಜಮ್ಮಣ್ಣಿಯ ಆಶ್ರಯದಲ್ಲಿ ಅವಳು ಹದಿಬದೆಯ ಧರ್ಮವನ್ನು ಹಾಡಲು ಒಗ್ಗುವ ಸಾಂಗತ್ಯ ಛಂದಸ್ಸಿನಲ್ಲಿ ಬರೆದಳು. ವೀರಶೈವ ಗುರು, ಜೈನ ಪಂಡಿತ, ಶ್ರೀವೈಷ್ಣವ ವಿದ್ವಾಂಸನಿಂದ ವಿದ್ಯೆ ಕಲಿತ ಊಳಿಗದ ಹೆಣ್ಣು, ಇವರೆಲ್ಲ ಒಂದೇ ಊರಿನ ನೀರು ಕುಡಿದವರು ಎಂಬ ಸಂಗತಿ ಮುಂದೆ ನಡೆದುದನ್ನು ಬರಿಯ ಮತದ್ವೇಷವೆಂದು ತೀರ್ಮಾನಿಸುವವರು ಮೊದಲು ನೆನೆಯಬೇಕಾದದ್ದು. ಷಡಕ್ಷರದೇವನ ರಾಜಶೇಖರ ವಿಳಾಸದ ಕಥೆಯೂ ಇಲ್ಲಿ ಅಪ್ರಸ್ತುತವಲ್ಲ: ಸತ್ಯೇಂದ್ರ ಚೋಳನ ಮಗನ ಕುದುರೆ ಸವಾರಿಯ ವೇಳೆ ತಿರುಕೊಳವಿನಾಚಿ ಎಂಬ ಹೆಂಗಸಿನ ಎಳೆಯ ಮಗನು ಬೀದಿಯಲ್ಲಿ ತುಳಿತಕ್ಕೆ ಸಿಕ್ಕಿ ಸತ್ತಾಗ, ಅರಸನು ತನ್ನ ಸ್ವಂತ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಅರಸನು ಪ್ರಜೆಯ ಮನೆಯ ದುಃಖಕ್ಕೆ ಉತ್ತರ ಕೊಡಬೇಕು ಎಂಬ ಭಾವನೆ ಆ ಸೀಮೆಯ ಕಾವ್ಯದಲ್ಲಿ ಇದ್ದೇ ಇತ್ತು. ಅರಮನೆಯ ಲೆಕ್ಕದಲ್ಲಿ ಅದಕ್ಕೆ ಎಷ್ಟು ಜಾಗವಿತ್ತು ಎಂಬುದು ಬೇರೆ ಪ್ರಶ್ನೆ.

ಚಿಕ್ಕದೇವರಾಜನು ಹುಟ್ಟಿದ್ದು 1645ರಲ್ಲಿ. 1659ರಲ್ಲಿ ದೊಡ್ಡದೇವರಾಜ ಒಡೆಯನು ಸಿಂಹಾಸನವನ್ನೇರಿದ ಮೇಲೆ ಈ ತರುಣ ರಾಜಕುಮಾರನನ್ನು ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ ಇರಿಸಲಾಯಿತು. ಅದು ಸೆರೆಯೇ ಎಂದು ಮೈಸೂರಿನ ಚರಿತ್ರೆಯನ್ನು ಬರೆದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ರಾಜಧಾನಿಯಿಂದ ದೂರವಿರಿಸಿದ ವಾಸ ಎಂದರೂ ಅರ್ಥದಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಹೀಗೆ ಅಧಿಕಾರದ ಹಾದಿ ಮುಚ್ಚಿದಂತೆ ಕಂಡ ಕಾಲದಲ್ಲಿ ವಿಶಾಲಾಕ್ಷ ಪಂಡಿತನು ಅವನ ಒಡನಾಡಿಯಾಗಿ ನಿಂತನು. ರಾಜಕುಮಾರನಿಗೆ ಪಟ್ಟ ದೊರೆತೇ ತೀರುವುದೆಂದು ಪಂಡಿತನು ಭವಿಷ್ಯ ಹೇಳಿದನೆಂದೂ, ಹಾಗೇನಾದರೂ ಆದರೆ ಅವನನ್ನೇ ಪ್ರಧಾನಿಯನ್ನಾಗಿ ಮಾಡುವುದಾಗಿ ರಾಜಕುಮಾರನು ಮಾತು ಕೊಟ್ಟನೆಂದೂ ಹೇಳುವ ಕಥೆ ಪ್ರಚಾರದಲ್ಲಿದೆ. ಗೆದ್ದವರ ಹಿಂದಿನ ದಿನಗಳಿಗೆ ಭವಿಷ್ಯವಾಣಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆಯಾದ್ದರಿಂದ ಆ ಭಾಗವನ್ನು ಬದಿಗಿಟ್ಟರೂ, ಕೊಟ್ಟ ಮಾತು ನಡೆಯಿತು ಎಂಬುದರಲ್ಲಿ ಸಂದೇಹವಿಲ್ಲ. 1673ರ ಫೆಬ್ರವರಿಯಲ್ಲಿ ದೊಡ್ಡದೇವರಾಜನು ಚಿಕ್ಕನಾಯಕನಹಳ್ಳಿಯಲ್ಲಿ ತೀರಿಕೊಂಡನು, ಅದೇ ತಿಂಗಳ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜನಿಗೆ ಪಟ್ಟವಾಯಿತು, ವಿಶಾಲಾಕ್ಷನು ಪ್ರಧಾನಿಯಾದನು.

ಹೊಸ ಅರಸನ ಮಂತ್ರಾಲೋಚನ ಸಭೆಯಲ್ಲಿ ಐವರಿದ್ದರು: ಪ್ರಧಾನಿಯಾದ ವಿಶಾಲಾಕ್ಷ ಪಂಡಿತ, ಶ್ರೀವೈಷ್ಣವನಾದ ತಿರುಮಲಾರ್ಯ, ಷಡಕ್ಷರಯ್ಯ, ಚಿಕುಪಾಧ್ಯಾಯ ಮತ್ತು ಕರಣಿಕ ಲಿಂಗಣ್ಣಯ್ಯ. ಕರಣಿಕನೆಂದರೆ ಲೆಕ್ಕಪತ್ರದ ಅಧಿಕಾರಿ. ಹೆಸರಿನ ಸಾಮ್ಯವನ್ನು ಹಿಡಿದು ಷಡಕ್ಷರಯ್ಯನೇ ಕವಿ ಷಡಕ್ಷರದೇವನೆಂದು ಹೇಳುವುದುಂಟು, ಆದರೆ ಹೆಸರೊಂದೇ ಸಾಕ್ಷಿಯಾಗಲಾರದು. ಅದೇನೇ ಇರಲಿ, ಜೈನ, ವೀರಶೈವ, ಶ್ರೀವೈಷ್ಣವ ಹಿನ್ನೆಲೆಯವರನ್ನು ಒಂದೇ ಸಭೆಯಲ್ಲಿ ಕೂರಿಸಿದ ಅರಸನಿಗೆ ಮತವಿಚಾರಕ್ಕಿಂತ ಕಾರ್ಯದಕ್ಷತೆಯ ಕಡೆಗೆ ಗಮನವಿತ್ತು ಎಂದು ಭಾವಿಸಬಹುದು. ಆಡಳಿತದ ಸುದ್ದಿಗಳು ರಾಜಧಾನಿಗೆ ಬೇಗನೆ ತಲುಪಲೆಂದು ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದ ಕೀರ್ತಿ ಈ ಆಳ್ವಿಕೆಗೆ ಸಲ್ಲುತ್ತದೆ. ಅಂಚೆಯವರು ಕಾಗದಗಳನ್ನು ಸಾಗಿಸುವುದರ ಜೊತೆಗೆ ಊರಿನ ಒಳಗುಟ್ಟುಗಳನ್ನೂ ಅರಮನೆಗೆ ತಿಳಿಸಬೇಕಾಗಿತ್ತು. ಅಠಾರಾ ಕಚೇರಿ ಎಂದು ಪ್ರಸಿದ್ಧವಾದ ಹದಿನೆಂಟು ಇಲಾಖೆಗಳ ಏರ್ಪಾಡು ಮಾತ್ರ ಪಂಡಿತನ ಕಾಲದ್ದಲ್ಲ; ಔರಂಗಜೇಬನ ಬಳಿಗೆ ಕಳುಹಿಸಿದ ನಿಯೋಗವು 1700ರಲ್ಲಿ ಹಿಂತಿರುಗಿದ ಬಳಿಕ ಅದು ರೂಪುಗೊಂಡಿತು ಎಂಬುದು ವಿಲ್ಕ್ಸನ ಹೇಳಿಕೆ.

ಪ್ರಧಾನಿಯಾಗಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1677ರಲ್ಲಿ, ವಿಶಾಲಾಕ್ಷ ಪಂಡಿತನು ತನ್ನ ಖರ್ಚಿನಿಂದ ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕವನ್ನು ನೆರವೇರಿಸಿದನು. ಬೃಹತ್ತಾದ ವಿಗ್ರಹದ ನೆತ್ತಿಯ ಮೇಲಿಂದ ಹಾಲು, ಎಳನೀರು, ಗಂಧ ಮೊದಲಾದವುಗಳ ಅಭಿಷೇಕ ನಡೆಸುವ, ಹಲವು ವರ್ಷಗಳಿಗೊಮ್ಮೆ ಬರುವ ಈ ಉತ್ಸವಕ್ಕೆ ಅಟ್ಟಣೆ ಕಟ್ಟುವುದರಿಂದ ಹಿಡಿದು ಸಾವಿರಾರು ಯಾತ್ರಿಕರ ಊಟದವರೆಗೆ ಬಹಳ ದೊಡ್ಡ ವೆಚ್ಚವಾಗುತ್ತದೆ. 18ನೆಯ ಶತಮಾನದ ಉತ್ತರಾರ್ಧದಲ್ಲಿದ್ದ ಅನಂತಕವಿಯು ಗೊಮ್ಮಟೇಶ್ವರ ಚರಿತೆಯಲ್ಲಿ ಈ ಅಭಿಷೇಕವನ್ನು ದಾಖಲಿಸಿದ್ದಾನೆ. ಬೆಟ್ಟದ ಬುಡದಲ್ಲಿರುವ ಕಲ್ಯಾಣಿ ಕೊಳವನ್ನು ಕಟ್ಟಿಸಲು ತೊಡಗಿದವನೂ ಚಿಕ್ಕದೇವರಾಜನೇ. ಅದು ಮುಗಿದದ್ದು ಅವನ ಮೊಮ್ಮಗನ ಕಾಲದಲ್ಲಿ. ಜೈನ ಸಮುದಾಯಕ್ಕೆ ಇದು ಹೆಮ್ಮೆಯ ಕಾಲವಾಗಿತ್ತು. ಆದರೆ ಪ್ರಧಾನಿಯು ತನ್ನ ಧರ್ಮದ ಮಹಾಕ್ಷೇತ್ರದಲ್ಲಿ ಇಷ್ಟು ವೈಭವದಿಂದ ಕಾಣಿಸಿಕೊಂಡದ್ದು, ಅರಸನನ್ನೇ ಅವನು ಜೈನಮತದ ಕಡೆಗೆ ಒಲಿಸುತ್ತಿದ್ದಾನೆ ಎಂದು ಅನುಮಾನಿಸುವವರಿಗೆ ಮುಂದೆ ಒದಗುವ ಸಾಕ್ಷಿಯೂ ಆಗಿರಬೇಕು.

ಅನುಮಾನಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹಣದ ಅಗತ್ಯ. ಉತ್ತರದಿಂದ ಮೊಗಲರ ಸೇನೆ ದಕ್ಷಿಣಕ್ಕೆ ಒತ್ತಿ ಬರುತ್ತಿತ್ತು. ಮರಾಠರು ಬೆಂಗಳೂರಿನಿಂದ ತಂಜಾವೂರಿನವರೆಗೆ ಹಬ್ಬಿದ್ದರು. ಮಧುರೆ ಮತ್ತು ಇಕ್ಕೇರಿಯ ನಾಯಕರೊಡನೆ ಎಡೆಬಿಡದ ತಗಾದೆಯಿತ್ತು. ಸೇನೆಯನ್ನು ಸಾಕಲು ಹಣ ಬೇಕು, ಹಣಕ್ಕೆ ರೈತನ ಕಣವಲ್ಲದೆ ಬೇರೆ ಮೂಲವಿಲ್ಲ. ಬೆಳೆಯ ಆರನೆಯ ಒಂದು ಪಾಲು ಮಾತ್ರ ಅರಸನಿಗೆ ಸಲ್ಲುವುದು ಧರ್ಮವೆಂದು ಶಾಸ್ತ್ರಗಳು ಹೇಳುತ್ತವೆ. ಆ ಪಾಲನ್ನು ಬಹಿರಂಗವಾಗಿ ಹೆಚ್ಚಿಸುವುದು ಶಾಸ್ತ್ರವಿರೋಧವೆನಿಸುವುದರಿಂದ, ಅದನ್ನು ಹಾಗೆಯೇ ಬಿಟ್ಟು, ಮನೆಗೆ, ಮದುವೆಗೆ, ಹುಲ್ಲಿಗೆ ಎಂದು ಸಣ್ಣಪುಟ್ಟ ತೆರಿಗೆಗಳನ್ನು ಒಂದರ ಮೇಲೊಂದರಂತೆ ಹೇರಲಾಯಿತು. ವಿಲ್ಕ್ಸನು ಈ ತೆರಿಗೆಗಳ ಉದ್ದವಾದ ಪಟ್ಟಿಯನ್ನೇ ಕೊಡುತ್ತಾನೆ. ಶಾಸ್ತ್ರದ ಅಕ್ಷರವನ್ನು ಉಳಿಸಿ ಅದರ ಆಶಯವನ್ನು ದಾಟುವ ಈ ಉಪಾಯದಲ್ಲಿ ಶಾಸ್ತ್ರ ಬಲ್ಲ ಪ್ರಧಾನಿಯ ಕೈವಾಡವನ್ನು ಜನ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಬೊಕ್ಕಸವಂತೂ ತುಂಬಿತು, ದಿನವೂ ಎರಡು ಚೀಲ ವರಹಗಳನ್ನು ಬೊಕ್ಕಸಕ್ಕೆ ಸೇರಿಸಿದ ಮೇಲೆಯೇ ಅರಸನು ಊಟ ಮಾಡುತ್ತಿದ್ದನೆಂಬ ಮಾತು ಉಳಿದಿದೆ, ನವಕೋಟಿ ನಾರಾಯಣನೆಂಬ ಬಿರುದೂ ಅವನಿಗೆ ಅಂಟಿಕೊಂಡಿತು.

ರೈತರು ಮೊದಲು ಆಯುಧ ಹಿಡಿಯಲಿಲ್ಲ. ನೇಗಿಲುಗಳನ್ನು ಊರಬಾಗಿಲ ಮರಗಳಿಗೆ ನೇತುಹಾಕಿ, ಉಳುಮೆಯನ್ನು ನಿಲ್ಲಿಸಿ, ಈ ತೆರಿಗೆಗಳನ್ನು ಕೊಡುವುದಕ್ಕಿಂತ ನಾಡು ಬಿಟ್ಟು ಹೋಗುವುದೇ ಮೇಲೆಂದು ಸಾರಿದರು. ಒಕ್ಕಲುಗಳು ಕೈಕಟ್ಟಿ ಕುಳಿತರೆ ಆ ವರ್ಷದ ಕಂದಾಯವೇ ಇಲ್ಲವಾಗುವುದರಿಂದ ಈ ಪ್ರತಿಭಟನೆ ಅರಮನೆಯ ಪಾಲಿಗೆ ಸೈನ್ಯದ ದಂಗೆಗಿಂತ ಕಡಿಮೆ ಅಪಾಯದ್ದಾಗಿರಲಿಲ್ಲ. ಜನರನ್ನು ಒಗ್ಗೂಡಿಸಿದವರು ಜಂಗಮರು. ಊರೂರು ಸಂಚರಿಸುತ್ತ ಭಕ್ತರ ಮನೆಗಳಲ್ಲಿ ದೀಕ್ಷೆ, ಮದುವೆ, ಮರಣದ ವಿಧಿಗಳನ್ನು ನಡೆಸಿಕೊಡುವ ವೀರಶೈವ ಗುರುಗಳೇ ಜಂಗಮರು. ಹಳ್ಳಿಹಳ್ಳಿಗೂ ಹಬ್ಬಿದ್ದ ಅವರ ಮಠಗಳು ಸುದ್ದಿ ಹರಡುವುದಕ್ಕೆ ಅರಸನ ಅಂಚೆಗಿಂತಲೂ ಚುರುಕಾದ ಜಾಲವಾಗಿದ್ದವು. ಅವರು ಮುಂದೆ ಬಂದುದಕ್ಕೆ ಭಕ್ತರ ಸಂಕಟವೂ ಕಾರಣ, ಜೈನ ಪ್ರಧಾನಿಯ ಪ್ರಾಬಲ್ಯದ ಬಗೆಗಿನ ಅಸಮಾಧಾನವೂ ಕಾರಣ. ಎರಡನ್ನೂ ಬಿಡಿಸಿ ತೂಗುವುದು ಈಗ ಸಾಧ್ಯವಿಲ್ಲವಾದರೂ, ತೆರಿಗೆಯ ಹೊರೆ ಇಲ್ಲದಿದ್ದರೆ ಮರಗಳಿಗೆ ನೇಗಿಲು ನೇತಾಡುತ್ತಿರಲಿಲ್ಲ ಎಂಬುದು ನಿಶ್ಚಯ.

ಮುಂದಿನ ಘಟನೆಗೆ ಮುಖ್ಯ ಆಧಾರ ಮಾರ್ಕ್ ವಿಲ್ಕ್ಸನ ಬರಹ. ಅವನ ಪ್ರಕಾರ ಅರಸನು ಜಂಗಮರನ್ನು ನಂಜನಗೂಡಿನ ದೇವಾಲಯಕ್ಕೆ ಆಹ್ವಾನಿಸಿದನು. ಸುಮಾರು 400 ಮಂದಿ ಬಂದು ಸೇರಿದರು. ಅವರನ್ನು ಒಬ್ಬೊಬ್ಬರನ್ನಾಗಿ ಬರಮಾಡಿಕೊಂಡು, ನಮಸ್ಕರಿಸಿ, ಸತ್ಕಾರಕ್ಕೆಂದು ಪಕ್ಕದ ಆವರಣಕ್ಕೆ ಕಳುಹಿಸಲಾಯಿತು. ಅಲ್ಲಿ ಮೊದಲೇ ತೋಡಿಸಿದ್ದ ಹಳ್ಳದ ಬಳಿ ಅವರ ತಲೆಗಳನ್ನು ಕಡಿಯಲಾಯಿತು. ಅದೇ ದಿನ 700ಕ್ಕೂ ಹೆಚ್ಚು ಮಠಗಳನ್ನು ನಾಶಮಾಡಲಾಯಿತೆಂದೂ, ಗುಂಪು ಸೇರಿದ್ದ ರೈತರ ಮೇಲೆ ಸೈನ್ಯವನ್ನು ಹಾಯಿಸಿ, ಕಾವಿಯುಟ್ಟವರನ್ನೆಲ್ಲ ಕಡಿಯಲು ಆಜ್ಞೆಯಾಯಿತೆಂದೂ ಅವನು ಸೇರಿಸುತ್ತಾನೆ. ವಿಲ್ಕ್ಸನು 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷರ ರೆಸಿಡೆಂಟನಾಗಿ, ಅಂದರೆ ಅರಮನೆಯಲ್ಲಿ ಕಂಪನಿ ಸರ್ಕಾರದ ಪ್ರತಿನಿಧಿಯಾಗಿ, ಕೆಲಸ ಮಾಡಿದವನು. ಅವನ ಗ್ರಂಥದ ಮೊದಲ ಸಂಪುಟ ಪ್ರಕಟವಾದದ್ದು 1810ರಲ್ಲಿ. ಘಟನೆಗೂ ಬರಹಕ್ಕೂ ನಡುವೆ ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಸಂದಿತ್ತು, ಹಿಂದಿನ ಅರಸರ ಆಳ್ವಿಕೆ ಕ್ರೂರವಾಗಿತ್ತೆಂದು ತೋರಿಸುವುದು ಕಂಪನಿ ಸರ್ಕಾರಕ್ಕೆ ಒಪ್ಪುವ ಮಾತೂ ಆಗಿತ್ತು. ಆದ್ದರಿಂದ 400, 700 ಎಂಬ ದುಂಡು ಸಂಖ್ಯೆಗಳನ್ನು ಹಾಗೆಯೇ ನಂಬುವುದು ಸರಿಯಲ್ಲ. ಆದರೆ ಅವನು ಮೈಸೂರಿನಲ್ಲಿದ್ದು, ಅಲ್ಲಿನ ಕೈಬರಹಗಳನ್ನೂ ಹಿರಿಯರ ಮಾತುಗಳನ್ನೂ ಕಲೆಹಾಕಿ ಬರೆದವನಾದ್ದರಿಂದ ಇಡೀ ಕಥೆಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದೂ ಪಕ್ಷಪಾತವೇ ಆಗುತ್ತದೆ. ಆಸ್ಥಾನದ ಕವಿಗಳು ಅರಸನ ವಿಜಯಗಳಿಗೆ ಕೊಟ್ಟಷ್ಟು ಜಾಗವನ್ನು ರೈತರ ಬೇಗುದಿಗೆ ಕೊಡಲಿಲ್ಲವೆಂಬ ಮಾತ್ರಕ್ಕೆ ಬೇಗುದಿ ಇರಲಿಲ್ಲವೆಂದು ಹೇಳಲಾಗದು.

ದಂಗೆ ಅಡಗಿತು, ತೆರಿಗೆಗಳು ವಸೂಲಾದವು. ಸಿಟ್ಟು ಮಾತ್ರ ಅರಸನನ್ನು ಬಿಟ್ಟು ಪ್ರಧಾನಿಯ ಮೇಲೆ ನೆಲೆಸಿತು. ಇಂಥ ಕ್ರೌರ್ಯಕ್ಕೆ ಅಹಿಂಸೆಯನ್ನು ಬೋಧಿಸುವ ಧರ್ಮದವನೇ ಸಲಹೆ ಕೊಟ್ಟನೆಂಬ ಮಾತು ಹರಡಿತು. ಒಂದು ರಾತ್ರಿ ಅರಮನೆಯಿಂದ ಮನೆಗೆ ಹಿಂತಿರುಗುತ್ತಿದ್ದಾಗ ವಿಶಾಲಾಕ್ಷ ಪಂಡಿತನ ಮೇಲೆ ದಾಳಿ ನಡೆದು, ಆ ಗಾಯದಿಂದಲೇ ಅವನು ಸತ್ತನು. ಸಾಯುವ ಮುನ್ನ ಅರಸನೇ ಬಂದು ಕಂಡಾಗ, ತನ್ನ ಸ್ಥಾನಕ್ಕೆ ತಿರುಮಲಾರ್ಯನನ್ನು ನೇಮಿಸಬೇಕೆಂದು ಅವನು ಸೂಚಿಸಿದನೆಂದು ಹೇಳುತ್ತಾರೆ. ತನ್ನ ಮತದವನನ್ನಾಗಲಿ ಬಂಧುವನ್ನಾಗಲಿ ಹೆಸರಿಸದೆ, ಶ್ರೀವೈಷ್ಣವನಾದ ಸಹೋದ್ಯೋಗಿಯನ್ನು ಸೂಚಿಸಿದ ಈ ಒಂದು ವಿವರ ನಿಜವಾಗಿದ್ದರೆ, ಮತಾಭಿಮಾನದಿಂದಲೇ ರಾಜ್ಯ ನಡೆಸಿದನೆಂಬ ಆರೋಪಕ್ಕೆ ಪಂಡಿತನು ಕೊಟ್ಟ ಉತ್ತರವೆಂದು ಅದನ್ನು ಎಣಿಸಬಹುದು. ತಿರುಮಲಾರ್ಯನು ಪ್ರಧಾನಿಯಾದನು; ಮರುವರ್ಷ, 1687ರಲ್ಲಿ, ಮೈಸೂರು ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಕೊಂಡುಕೊಂಡಿತು. ಆ ಹಣದ ಹಿಂದೆ ಪಂಡಿತನ ಕಾಲದ ತೆರಿಗೆಗಳಿದ್ದವು.

ಇಲ್ಲಿ ಮತ್ತೆ ಇಂಗ್ಲೆಂಡಿನ ಕಡೆಗೆ ನೋಡುವುದು ಉಪಯುಕ್ತ. ಸೈಮನ್ ಸಡ್ಬರಿ ಎಂಬ ಧರ್ಮಗುರು 1361ರಲ್ಲಿ ಲಂಡನ್ನಿನ ಬಿಷಪ್ಪನಾಗಿ, 1375ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪನಾಗಿ, ಅಂದರೆ ಆ ದೇಶದ ಅತ್ಯುನ್ನತ ಧರ್ಮಪೀಠಕ್ಕೆ ಏರಿ, 1380ರಲ್ಲಿ ಚಾನ್ಸಲರನೂ ಆದನು. ಫ್ರಾನ್ಸಿನೊಡನೆ ನಡೆಯುತ್ತಿದ್ದ ದೀರ್ಘ ಯುದ್ಧಕ್ಕೆ ಹಣ ಸಾಲದೆ, ಅದೇ ವರ್ಷ ನಾರ್ಥಾಂಪ್ಟನ್ನಿನಲ್ಲಿ ಸೇರಿದ ಪಾರ್ಲಿಮೆಂಟಿನಲ್ಲಿ 15 ವರ್ಷ ಮೀರಿದ ಪ್ರತಿಯೊಬ್ಬರಿಗೂ ತಲೆಗೊಂದು ಷಿಲಿಂಗಿನ ಲೆಕ್ಕದಲ್ಲಿ ತಲೆಗಂದಾಯ ವಿಧಿಸಲಾಯಿತು. 1381ರ ಜೂನಿನಲ್ಲಿ ಕೆಂಟ್ ಮತ್ತು ಎಸೆಕ್ಸಿನ ರೈತರು ದಂಗೆಯೆದ್ದು ಲಂಡನ್ನಿಗೆ ನುಗ್ಗಿದರು. 14 ವರ್ಷದ ಅರಸ ಎರಡನೆಯ ರಿಚರ್ಡನ ಮೇಲೆ ತಮಗೆ ನಿಷ್ಠೆಯಿದೆಯೆಂದೂ, ಅವನ ಸುತ್ತಲಿನ ಮಂತ್ರಿಗಳೇ ದ್ರೋಹಿಗಳೆಂದೂ ಅವರು ಕೂಗಿದರು. ಜೂನ್ 14ರಂದು ಸಡ್ಬರಿಯನ್ನು ಕೋಟೆಯೊಳಗಿಂದ ಎಳೆದು ತಂದು ತಲೆ ಕಡಿದರು, ಖಜಾಂಚಿಯಾಗಿದ್ದ ರಾಬರ್ಟ್ ಹೇಲ್ಸನಿಗೂ ಅದೇ ಗತಿಯಾಯಿತು. ಸಡ್ಬರಿಯನ್ನು ಕೊಂದವರು ಅವನ ಧರ್ಮದವರೇ ಆಗಿದ್ದರು ಎಂಬುದನ್ನು ಗಮನಿಸಬೇಕು. ಅಲ್ಲಿ ಮತಭೇದವಿರಲಿಲ್ಲ, ಆದರೂ ತೆರಿಗೆಯ ಸಿಟ್ಟು ಮಂತ್ರಿಯನ್ನು ಬಲಿತೆಗೆದುಕೊಂಡಿತು. ಇಲ್ಲಿ ಮತಭೇದವಿತ್ತು, ಆದ್ದರಿಂದ ಅದೇ ಸಿಟ್ಟಿಗೆ ಇನ್ನೊಂದು ಹೆಸರು ದೊರೆಯಿತು.

ಈ ಹೋಲಿಕೆಯಿಂದ ಪಂಡಿತನು ನಿರ್ದೋಷಿಯಾಗುವುದಿಲ್ಲ. ಹದಿಮೂರು ವರ್ಷಕ್ಕೂ ಮೇಲ್ಪಟ್ಟು ಪ್ರಧಾನಿಯಾಗಿದ್ದವನು ಆ ಕಾಲದ ತೆರಿಗೆಗಳ ಹೊಣೆಯಿಂದ ತಪ್ಪಿಸಿಕೊಳ್ಳಲಾರನು. ನಂಜನಗೂಡಿನಲ್ಲಿ ನಡೆದುದು ವಿಲ್ಕ್ಸ್ ಹೇಳುವುದರ ಹತ್ತನೆಯ ಒಂದು ಪಾಲಾಗಿದ್ದರೂ ಅದು ಅಕ್ಷಮ್ಯ, ಅದನ್ನು ತಡೆಯದ ಪ್ರಧಾನಿಗೂ ಅದರಲ್ಲಿ ಪಾಲಿದೆ. ಆದರೆ ಹಣವನ್ನು ಬೇಡಿದವನೂ, ಪಡೆದವನೂ, ಆ ಹಣದಿಂದ ಕೀರ್ತಿವಂತನಾದವನೂ ಅರಸ. ಕಾವೇರಿಯಿಂದ ತೋಡಿಸಿದ ನಾಲೆಗಳಿಗೆ ಅರಸನ ಹೆಸರು, ಗೆದ್ದ ಕೋಟೆಗಳಿಗೆ ಅರಸನ ಬಿರುದು, ತುಂಬಿದ ಬೊಕ್ಕಸಕ್ಕೆ ಅರಸನ ಜಾಣ್ಮೆ, ರೈತರ ಕಣ್ಣೀರಿಗೆ ಮಾತ್ರ ಜೈನ ಮಂತ್ರಿ ಕಾರಣ ಎಂಬ ಹಂಚಿಕೆ ನ್ಯಾಯವಾದದ್ದಲ್ಲ. ಅಲ್ಪಸಂಖ್ಯಾತ ಸಮುದಾಯದಿಂದ ಬಂದ ಮಂತ್ರಿ ಅರಸನಿಗೆ ಎಷ್ಟು ಅನುಕೂಲವೆಂಬುದು ಇದರಿಂದ ಕಾಣುತ್ತದೆ: ಯಶಸ್ಸಿನಲ್ಲಿ ಅವನು ಪಾಲು ಕೇಳಲಾರ, ಅಪಯಶಸ್ಸನ್ನು ಪೂರ್ತಿಯಾಗಿ ಹೊರಬಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಜೈನರಿಗೂ ಶೈವರಿಗೂ ನಡೆದ ಹಳೆಯ ತಿಕ್ಕಾಟದ ನೆನಪು ಬೇರೊಂದು ರೂಪದಲ್ಲಿಯೂ ಉಳಿದಿದೆ ಎಂದು ಅಭಿಪ್ರಾಯಪಡುವ ವಿದ್ವಾಂಸರಿದ್ದಾರೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರನ ಬೆಟ್ಟದ ಸುತ್ತ ದೇವರಗುಡ್ಡರೂ ಕಂಸಾಳೆಯವರೂ ರಾತ್ರಿಯಿಡೀ ಹಾಡುವ ಮೌಖಿಕ ಕಾವ್ಯದಲ್ಲಿ ಮಹದೇಶ್ವರನು ಶ್ರವಣನೆಂಬ ಸೊಕ್ಕಿದ ದೊರೆಯನ್ನು ಸಂಹರಿಸುವ ಭಾಗವಿದೆ. ಅದರಲ್ಲಿ ಜೈನ ಪಾಳೆಯಗಾರನೊಬ್ಬನ ಛಾಯೆಯನ್ನು ಅವರು ಕಾಣುತ್ತಾರೆ. ಆ ಕಥೆ ಪಂಡಿತನ ಕಾಲಕ್ಕಿಂತ ಹಳೆಯದು, ಅವನಿಗೂ ಅದಕ್ಕೂ ನೇರ ಸಂಬಂಧವನ್ನು ಕಲ್ಪಿಸುವುದು ತಪ್ಪಾಗುತ್ತದೆ. ಆದರೆ ಜೈನನಾದ ಅಧಿಕಾರಿಯನ್ನು ಅನುಮಾನದಿಂದ ಕಾಣಲು ಬೇಕಾದ ಕಥನ ಆ ನಾಡಿನಲ್ಲಿ ಆಗಲೇ ಸಿದ್ಧವಾಗಿತ್ತೆಂದು ಹೇಳಬಹುದು.

ಈ ಚರಿತ್ರೆಯನ್ನು ಪೂರ್ಣಗೊಳಿಸುವ ಕೆಲಸ ಇನ್ನೂ ಬಾಕಿ ಇರುವುದಕ್ಕೆ ಆಡಳಿತದ ಗಡಿಗಳೂ ಕಾರಣ. 1799ರ ನಂತರ ಕೊಳ್ಳೇಗಾಲ ಮತ್ತು ಅದರ ಭಾಗವಾಗಿದ್ದ ಹನೂರು ಕಂಪನಿಯ ವಶವಾಗಿ, ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರವರೆಗೆ ಅಲ್ಲಿಯೇ ಉಳಿದವು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನಿಗೆ ಜಹಗೀರಾಗಿ ಬಂದು ಮೈಸೂರಿನೊಳಗೇ ಉಳಿಯಿತು. ರೈಸನು ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಪುಟಗಳಾಗಿ ಪ್ರಕಟಿಸಿದಾಗ ಯಳಂದೂರಿನ ಕಲ್ಲುಗಳು ಅದರಲ್ಲಿ ಸೇರಿದವು, ಕೆಲವೇ ಮೈಲಿ ದೂರದ ಕೊಳ್ಳೇಗಾಲದವು ಹೊರಗುಳಿದವು. ಶಾಸನಗಳ ಮಾತು ಹೀಗಾದರೆ ಮನೆಗಳಲ್ಲಿರುವ ಕಾಗದಗಳ ಮಾತು ಇನ್ನೂ ಹಿಂದೆ. ಹಳೆಯ ಶಾನುಭೋಗರ ಮನೆಗಳಲ್ಲಿ, ಮಠಗಳಲ್ಲಿ, ಬಸದಿಗಳಲ್ಲಿ, ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಕಪ್ಪು ಬಳಿದ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ಕಡತಗಳೂ, ಓಲೆಗರಿಯ ಕಟ್ಟುಗಳೂ, ತಾಮ್ರದ ತಗಡುಗಳೂ ಇಂದಿಗೂ ಅಟ್ಟದ ಮೇಲೆ ಇರಬಹುದು. ಅವುಗಳಲ್ಲಿ ಮನೆ ತೆರಿಗೆಯ, ಮದುವೆ ತೆರಿಗೆಯ ಒಂದು ಸಾಲು ದೊರೆತರೂ ವಿಲ್ಕ್ಸನ ಮಾತನ್ನು ಅಳೆಯುವ ಸ್ವತಂತ್ರ ಸಾಧನ ಸಿಕ್ಕಂತಾಗುತ್ತದೆ. ಅಂಥವುಗಳನ್ನು ಹೊಳೆಗೆ ಬಿಡದೆ, ಗುಜರಿಗೆ ಹಾಕದೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಗೋ ಒಮ್ಮೆ ತೋರಿಸಬೇಕೆಂದು ಈ ಮೂರು ತಾಲ್ಲೂಕುಗಳ ಜನರಲ್ಲಿ ವಿನಂತಿ.